ಭರಣಿ ತೊಳೆದ ನೀರು

ಉಪ್ಪಿನ ಮಾವಿನಕಾಯಿಯ ವಾಸನೆ ಬಂದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಯುದ್ಧದ ಕಾಲ, ಎಲ್ಲದಕ್ಕೂ ಅಭಾವ. ಬಸ್ರೂರಿನ ನಮ್ಮ ಮನೆಯ ಚಾವಡಿಯೊಳಗೆ ಚಿಕ್ಕಮ್ಮ ತೂಗುಹಾಕಿದ್ದ ಮಡಕೆಯಿಂದ ಶಂಖಪುಷ್ಪದ ಬಳ್ಳಿ ಕಿಟಕಿಯುದ್ದಕ್ಕೂ ಇಳಿದು ಹೂಬಿಟ್ಟಿತ್ತು. ಅವಳು ಮುಟ್ಟಾಗಿ ಹೊರಗೆ ಕೂತ ಮೂರು ದಿನ ಅದಕ್ಕೆ ನೀರು ಹಾಕುವವರು ಅಜ್ಜಿ. ಮೊದಲ ದಿನವೇ ಅಜ್ಜಿ ನನ್ನ ಕಣ್ಣೆದುರು, "ಹಾಳಾಪ್ದ್ ಬ್ಯಾಡ" ಎಂದು ಮಾವಿನಕಾಯಿಯ ಭರಣಿ ತೊಳೆದ ನೀರನ್ನು ಅದಕ್ಕೆ ಸುರಿದರು. ಮೂರನೆಯ ದಿನ ಎಲೆಗಳೆಲ್ಲ ಕರಟಿಹೋದವು.

"ಹೊರಗಾದಳ್ ಬಳ್ಳಿ ಮುಟ್ರೆ ಇನ್ನೆಂತ ಆತ್ತ್?" ಅಜ್ಜಿ ಕೂಗಿದರು.

"ಹತ್ರವೂ ಹೋಯ್ಲಿಲ್ಲ ಅತ್ತೆ," ಎಂದಳು ಚಿಕ್ಕಮ್ಮ.

ನಾನು ಮಡಕೆಯ ಮಣ್ಣನ್ನು ನಾಲಿಗೆಗಿಟ್ಟೆ. "ಉಪ್ಪ್ ಅಜ್ಜಿ! ನೀವೇ ಹೊಯ್ದದ್ದ್."

ಅಜ್ಜಿ ಒಂದು ಕ್ಷಣ ಮಡಕೆಯನ್ನೇ ನೋಡಿದರು. ಆಮೇಲೆ, "ಮೈಲಿಗೆ ಮಣ್ಣ್ ತಿಂದ್ಯಲ್ಲೆ!" ಎಂದು ನನ್ನ ಬಾಯಿ ತೊಳೆಸಿದರು.

ಮರುದಿನ ಚಿಕ್ಕಮ್ಮ ಮಿಂದು ಒಳಗೆ ಬಂದಾಗ ಕಿಟಕಿಯಲ್ಲಿ ಮಡಕೆ ತೂಗಿದ್ದ ಬರಿಯ ಹಗ್ಗವಿತ್ತು.