ಮೊಣಕೈ ಅಳತೆ

ಬಡಗಿ ಅಡುಗೆಮನೆಯ ಗೋಡೆಗೆ ಕಪಾಟಿನ ಎರಡು ಮಾದರಿ ಬಾಗಿಲು ಒರಗಿಸಿ, "ಯಾವುದಮ್ಮಾ? ಬೇಗ ಹೇಳಿ" ಎಂದ. ಒಂದರಲ್ಲಿ ಬಳ್ಳಿಯ ಕೆತ್ತನೆ, ಹಿತ್ತಾಳೆಯ ಹಿಡಿ. ಇನ್ನೊಂದು ಕನ್ನಡಿಯಂತೆ ನುಣುಪು, ಹಿಡಿಯೇ ಇಲ್ಲ. ಬೆಳಗಿನಿಂದ ಅತ್ತೆ ಬಳ್ಳಿ ಬಿಡಲೊಲ್ಲರು, ಸೊಸೆ ನುಣುಪು ಬಿಡಲೊಲ್ಲಳು.

"ಕೆತ್ತನೆ ಸಂದೀಲಿ ಕೂರೋ ಜಿಡ್ಡು ಒರೆಸೋರ್ಯಾರು ಅತ್ತೆ?"

"ಹಿಡಿಯಿಲ್ಲದ್ದು ಅದ್ಯಾವ ಸೀಮೆ ಬಾಗಿಲೇ?"

ಬಡಗಿ ಟೇಪು ಎಳೆದ. "ಅದು ಆಮೇಲಾಗ್ಲಿ. ಒಲೆಕಟ್ಟೆ ಎತ್ತರಕ್ಕೆ ಒಬ್ಬರ ಮೊಣಕೈ ಅಳತೆ ಬೇಕು. ಯಾರದ್ದು?"

ಸೊಸೆ ಹಿಂದೆ ಸರಿದಳು. ಗಿಡ್ಡ ಅತ್ತೆಯ ಅಳತೆಗೆ ಕಟ್ಟಿದ ಹಳೆಯ ಕಟ್ಟೆಯ ಮುಂದೆ ಹನ್ನೊಂದು ವರ್ಷ ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಗಿತ್ತು. ಆದರೂ ಒಂದು ದಿನವೂ ತುಟಿ ಪಿಟಕ್ಕೆಂದವಳಲ್ಲ. ಅತ್ತೆ ಅವಳ ಕೈ ಹಿಡಿದೆಳೆದು, ಮೊಣಕೈ ಮಡಿಸಿ ಟೇಪಿನ ಮುಂದೆ ಹಿಡಿದರು.

"ಇವಳದ್ದು ಅಳೆಯಪ್ಪ. ಕದ್ದು ಕದ್ದು ಸೊಂಟ ಒತ್ಕೊಳ್ಳೋದು ನನಗೇನು ಕಾಣಲ್ವಾ?"

"ನಿಮಗೆ ಎಟುಕಲ್ಲ ಅತ್ತೆ."

"ಮಣೆ ಹಾಕ್ಕೊಂಡು ನಿಲ್ತೀನಿ ಬಿಡೇ."

ಬಡಗಿ ಅಳತೆ ಬರೆದುಕೊಂಡು ತಲೆಯೆತ್ತುವಷ್ಟರಲ್ಲಿ ಸೊಸೆ ನುಣುಪು ಬಾಗಿಲನ್ನು ಎತ್ತಿ ಅವನ ಕೈಗಿತ್ತಳು.

"ಇದನ್ನ ವಾಪಸ್ ತಗೊಂಡ್ಹೋಗಿ. ಆ ಬಳ್ಳಿ ಜಿಡ್ಡು ನಾನೇ ಒರೆಸ್ಕೋತೀನಿ."