ಎರಡು ಮಾತ್ರೆ ಮೌನ

“ಆ ಖಾಲಿ ಜಾಗ ಕತ್ತರಿಸಿಬಿಡ್ತೀವಿ, ಮಿಸ್ ಅರ್ಲೀಥಾ. ಹೊಸ ರೆಕಾರ್ಡಿನಲ್ಲಿ ನಿಮ್ಮ ತಪ್ಪು ಯಾರಿಗೂ ಗೊತ್ತಾಗಲ್ಲ.”

ಸ್ಯಾಲ್ ಫೆರಾಂಟೆ ಉಪಕಾರ ಮಾಡುವವನ ಧಾಟಿಯಲ್ಲೇ ಹೇಳಿದ. ಹಳೇ ಹಾಡುಗಳನ್ನು ಮತ್ತೆ ಹೊರತರುವ ಕಂಪನಿಗೆ ಅವುಗಳ ಚರಿತ್ರೆ ಬರೆಯುವವನು ಅವನು. ತೊಡೆಯ ಮೇಲಿನ ಹಾಳೆಯಲ್ಲಿ ಹೀಗಿತ್ತು: ‘ಗ್ರ್ಯಾಕಲ್ಸ್ ತಂಡ, ಬ್ರಾಂಕ್ಸ್, ನ್ಯೂಯಾರ್ಕ್, 1956. ನಾಲ್ವರು. ಗಾಯಕಿ ಸಾಲು ಮರೆತಿದ್ದರಿಂದ ನಡುವೆ ಎರಡು ಮಾತ್ರೆ ಮೌನ.’ ಪಕ್ಕದಲ್ಲಿ ಕೂತಿದ್ದ, ಅದೇ ತಂಡದ ಹಳೇ ಗಾಯಕ ಥರ್ಲೋ ಊಟವಾದ ಮೇಲೆ ನುಂಗುವ ಮಾತ್ರೆಗಳಲ್ಲ, ತಾಳದವು.

ಹದಿನಾರನೇ ವಯಸ್ಸಿನಲ್ಲಿ ಹಾಡಿದಾಗ ಅಂಟಿದ ಆ ಅಪವಾದವನ್ನು ಅರ್ಲೀಥಾ ಎಪ್ಪತ್ತೆಂಟರಲ್ಲೂ ಹೊತ್ತು ತಿರುಗುತ್ತಿದ್ದಳು. ಚರ್ಚಿರಲಿ, ಜಡೆ ಹೆಣೆಯುವ ಅಂಗಡಿಯಿರಲಿ, ಒಂದೇ ಕೀಟಲೆ: “ಸಾಲು ನೆನಪಾಯ್ತೇನೇ, ಅರ್ಲೀಥಾ?” ಈಗ ಅದು ಅಚ್ಚೂ ಆಗುವುದರಲ್ಲಿತ್ತು.

“ನಾನು ಮರೀಲಿಲ್ಲ ಮಗಾ.”

“ಮತ್ತೆ ಯಾಕೆ ಸುಮ್ಮನಾದ್ರಿ?”

ತಂಡದ ತಗ್ಗುದನಿಯ ಥರ್ಲೋ ಮೂಗು ಹಿಡಿದುಕೊಂಡು ಆಗಿನ ಸ್ಟುಡಿಯೋ ಮಾಲೀಕನ ಅಣಕು ಮಾಡಿದ. “‘ಹುಡುಗೀ! ಟೇಪು ದುಡ್ಡು ಕೊಟ್ಟು ತಂದಿದೀನಿ. ಮೌನ ನಮ್ಮನೇಲೇ ಬಿಟ್ಟಿ ಸಿಗತ್ತೆ!’ ಮೂರು ಸಲ ಹಾಡಿಸಿದ ಪುಣ್ಯಾತ್ಮ. ಮೂರು ಸಲವೂ ಅಲ್ಲೇ ನಿಂತ್ವಿ. ಅವಳೊಬ್ಬಳೇ ಅಲ್ಲ ಕಣಯ್ಯಾ, ನಾಲ್ಕೂ ಜನ.”

“ನಾಲ್ಕೂ ಜನ ಒಟ್ಟಿಗೆ ಮರೆತ್ರಾ?” ಸ್ಯಾಲ್ ನಕ್ಕ.

ಅರ್ಲೀಥಾ ಎದ್ದು ಬಾಗಿಲು ತೆರೆದಳು. “ಬಾ ಆಚೆ. ಹುಟ್ಟಿದಾಗಿಂದ ಇದೇ ಕಟ್ಟಡದಲ್ಲಿದೀನಿ. ಬರುವಾಗ ಏದುಸಿರು ಬಿಟ್ಕೊಂಡು ಹತ್ತಿದ್ಯಲ್ಲ, ಆ ಮೆಟ್ಟಿಲ ಮೇಲೆ ನಿಂತ್ಕೋ.”

ಕಬ್ಬಿಣದ ಕಟಕಟೆ, ಅಮೃತಶಿಲೆಯ ಸವೆದ ಮೆಟ್ಟಿಲು, ಆರು ಮಹಡಿಯುದ್ದದ ಟೊಳ್ಳು. ಅವಳು ಕಣ್ಣು ಮುಚ್ಚಿ ಹಾಡಿದಳು. ದನಿ ನಡುಗಿತು, ಆಮೇಲೆ ನಡುಗುವುದನ್ನು ಮರೆಯಿತು. ಸರಿಯಾಗಿ ಆ ಜಾಗದಲ್ಲಿ ಬಾಯಿ ಮುಚ್ಚಿದಳು.

ಮೇಲಿನಿಂದ ಅವಳದೇ ಸಾಲು ಇಳಿದು ಬಂತು. ಎರಡೇ ಮಾತ್ರೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅದರ ಬಾಲ ಹಿಡಿದು, ಹಿಂದೆಯೇ ಬಂದಿದ್ದ ಥರ್ಲೋ “ಡೂಂ-ಬ-ಡೂಂ” ಎಂದು ದನಿಯನ್ನು ನೆಲಕ್ಕಿಳಿಸಿದ. ಸ್ಯಾಲ್ ಸಾವಿರ ಸಲ ಕೇಳಿದ್ದ ಹಾಡು ಮೊದಲ ಬಾರಿಗೆ ಪೂರ್ತಿಯಾಯಿತು. ಮಹಡಿ ಮಹಡಿಗೂ ಬಾಗಿಲು ತೆರೆದವು. ಸೌಟು ಹಿಡಿದವಳೊಬ್ಬಳು ಸೌಟಿನಿಂದಲೇ ಕಟಕಟೆಗೆ ತಾಳ ಹಾಕಿದಳು.

“ಚಳಿಗಾಲದಲ್ಲಿ ಅಭ್ಯಾಸಕ್ಕೆ ಇದೇ ಜಾಗ,” ಎಂದಳು ಅರ್ಲೀಥಾ. “ಈ ಮೆಟ್ಟಿಲು ತನ್ನ ಪಾಲು ಹಾಡಿ ಮುಗಿಸೋವರೆಗೂ ಕಾಯೋದು ರೂಢಿ. ಸ್ಟುಡಿಯೋದಲ್ಲಿ ದನಿ ಮಾರ್ದನಿಸದ ಹಾಗೆ ಗೋಡೆಗೆಲ್ಲ ಕಂಬಳಿ ಹೊದಿಸಿದ್ರು. ನಾವು ಕಾದ್ವಿ. ಯಾರೂ ಹಾಡಲಿಲ್ಲ.”

ಸ್ಯಾಲ್ ‘ಮರೆತಿದ್ದರಿಂದ’ ಎಂಬುದನ್ನು ಹಾಳೆ ಹರಿಯುವಂತೆ ಹೊಡೆದುಹಾಕಿದ. “ಒಂದು ಮಾತ್ರೆಯನ್ನೂ ಕತ್ತರಿಸೋಕೆ ಬಿಡಲ್ಲ,” ಎಂದ. ಪೆನ್ನು ಅಲ್ಲೇ ತಡವರಿಸಿತು. “ತಂಡದಲ್ಲಿ ನಾಲ್ವರು ಅಂತ ಬರೆದಿದೀನಿ...”

“ಐದು ಅಂತ ಬರಿ,” ಎಂದಳು ಅರ್ಲೀಥಾ. “ಇಳಿಯುವಾಗ ಸ್ವಲ್ಪ ಮೆತ್ತಗೆ ಕಾಲಿಡು. ಐದನೆಯವರ ಮೇಲೆ ನಿಂತಿದೀಯ.”