ಬದುವಿನ ಮೇಲಿನ ಕರಿ ಬೆಕ್ಕು

ಕರುವಿನಷ್ಟು ಎತ್ತರದ ಆ ಕರಿ ಬೆಕ್ಕು ನಮ್ಮ ಸೀಮೆಗೆ ಬಂದಾಗಿನಿಂದ ಎಲ್ಲರಿಗೂ ಗೊತ್ತಿರುವ ಮಾತು ಇದು: ಅದು ಯಾರನ್ನು ಒಯ್ಯಲು ಬಂದಿರುತ್ತದೋ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಕಾಣುತ್ತದೆ. ಹಾಗಾಗಿ ಕಂಡರೆ ಸಮಾಧಾನ. ಹಿರಿಯರು ಎದುರಾದಾಗ ಮಾಡುವಂತೆ ಅದರತ್ತ ತಿರುಗಿ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತೇವೆ, ಆಮೇಲೆ ಕೆಲಸಕ್ಕೆ ಬಗ್ಗುತ್ತೇವೆ.

ಇವತ್ತು ಹತ್ತಿ ಬಿಡಿಸುವಾಗ ಅದು ಬದುವಿನ ಮೇಲೆ ಬಂದು ಕುಳಿತಿತು. ಹೆಂಗಸರೆಲ್ಲ ಸೆರಗು ಹೊದ್ದೆವು. ನನ್ನ ನೆಗೆಣ್ಣಿ ದ್ಯಾಮವ್ವ ನಮ್ಮನ್ನು ನೋಡಿ ತಾನೂ ಹೊದ್ದಳು, ತುಸು ತಡವಾಗಿ.

ಬೆಕ್ಕು ಎದ್ದು ಬದು ಇಳಿಯಿತು. ಹತ್ತಿ ಸಾಲಿನ ನಡುವೆ ಅವಸರವಿಲ್ಲದೆ ನಡೆದು ಬಂದು ದ್ಯಾಮವ್ವನ ಬೆನ್ನ ಹಿಂದೆ ಮಲಗಿತು. ಅದರ ಬಾಲ ಅವಳ ಹಿಮ್ಮಡಿಯ ಮೇಲಿತ್ತು. ಅವಳ ಕಣ್ಣು ಮಾತ್ರ ಇನ್ನೂ ಬದುವಿನ ಮೇಲೆಯೇ ಇತ್ತು.

"ದ್ಯಾಮಿ, ನಿನಗ ಕಂಡತೇನು?" ಎಂದೆ.

"ಕಾಣದೇನ ಯಕ್ಕಾ? ಅಲ್ಲೇ ಕುಂತೈತಲ್ಲ," ಎಂದು ಬದುವಿನತ್ತ ಬೆರಳು ತೋರಿಸಿದಳು.

"ಹೌದವ್ವಾ, ಅಲ್ಲೇ ಕುಂತೈತಿ," ಎಂದೆ. ನಾವೆಲ್ಲ ಬರಿದಾದ ಬದುವಿನತ್ತ ತಿರುಗಿ ಇನ್ನೊಮ್ಮೆ ಸೆರಗು ಎಳೆದುಕೊಂಡೆವು.